ಕೆಂಪು ತಟ್ಟೆಯ ಮೇಲೊಂದು ತಿಳಿ ಉಂಗುರ

ಇದು ಅದೇನಾ, ಅಲ್ಲವಾ? ನಿನ್ನೆ ಬೆಳಿಗ್ಗೆ ಈ ತಟ್ಟೆಯಲ್ಲಿ ಏನೂ ಇರಲಿಲ್ಲ. ಇವತ್ತು ಅಂಚಿನ ಬಳಿ ಗುಂಡುಸೂಜಿಯ ತಲೆಗಿಂತ ಚಿಕ್ಕ ಚುಕ್ಕೆ ಎದ್ದಿದೆ, ಒಂದೇ ಒಂದು. ಅದರ ಸುತ್ತ ಕೆಂಪು ನಿಜಕ್ಕೂ ತಿಳಿಯಾಗಿದೆಯೋ, ತನ್ನ ಕಣ್ಣಿಗೆ ಹಾಗೆ ಕಾಣುತ್ತಿದೆಯೋ? ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಓರೆ ಮಾಡಿ, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು ನೋಡುತ್ತಾರೆ. ಇನ್ನೂ ಆರೂವರೆ. ಅಂಗಳದ ಪೊರಕೆಯ ಸದ್ದು ಬಿಟ್ಟರೆ ಆರೋಗ್ಯ ಕೇಂದ್ರದಲ್ಲಿ ಬೇರೆ ಸದ್ದಿಲ್ಲ.

ಎಲ್ಲರೂ ಅವರನ್ನು ಕರೆಯುವುದು ತಟ್ಟೆಯಣ್ಣ ಎಂದು. ವಯಸ್ಸು ಐವತ್ತೊಂದು. ಇಲ್ಲಿನ ಒಂದೇ ಕೋಣೆಯ ಲ್ಯಾಬಿಗೆ ಇಪ್ಪತ್ತಾರು ವರ್ಷಗಳಿಂದ ಅವರೊಬ್ಬರೇ. ನೋಯುವ ಗಂಟಲನ್ನು ಹತ್ತಿಯ ಕಡ್ಡಿಯಿಂದ ಒರೆಸಿ, ಕುರಿಯ ರಕ್ತ ಬೆರೆಸಿ ಗಟ್ಟಿ ಮಾಡಿದ ಕೆಂಪು ತಟ್ಟೆಗೆ ಬಳಿದು, ಮೈ ಬಿಸಿಯಷ್ಟೇ ಬಿಸಿಯಿರುವ ಪೆಟ್ಟಿಗೆಯೊಳಗೆ ಇಡುತ್ತಾರೆ. ಮರುದಿನ ಏನು ಬೆಳೆದಿದೆ ಎಂದು ನೋಡುತ್ತಾರೆ. ಅವರು ಹುಡುಕುವ ರೋಗಾಣು ತನ್ನ ಸುತ್ತಲ ರಕ್ತವನ್ನು ತಿಂದು ಒಂದು ತಿಳಿ ಉಂಗುರ ಬಿಡುತ್ತದೆ. "ಮನೇಲಿ ಒಂದು ತಟ್ಟೆ ಎತ್ತಿಡಲ್ಲ, ಲ್ಯಾಬಲ್ಲಿ ನೋಡಿ, ಇಡೀ ದಿನ ತಟ್ಟೆ ಹಿಡ್ಕೊಂಡೇ ಕೂತಿರ್ತಾರೆ" ಎಂದು ಅವರ ಹೆಂಡತಿ ಬಂದವರಿಗೆಲ್ಲ ಹೇಳುತ್ತಾರೆ.

ಎಂಟಕ್ಕೆ ಕಿಂಡಿ ತೆರೆಯುತ್ತದೆ. ದಿನಕ್ಕೆ ಮೂವತ್ತು ಗಂಟಲು, ಚಳಿ ಹಿಡಿದರೆ ಐವತ್ತು. ಚೀಟಿ ಬರೆಯುತ್ತಲೇ ಅವರು ಕೇಳುತ್ತಾರೆ: ಮೂಗು ಸೋರ್ತಾ ಇದೆಯಾ? ಕೆಮ್ಮು? ದನಿ ಒಡೆದಿದೆಯಾ? ಎಲ್ಲಕ್ಕೂ ಹೌದೆಂದರೆ ಹೆಚ್ಚಾಗಿ ಅದು ನೆಗಡಿಯ ವೈರಸ್. ವಾರದೊಳಗೆ ತಾನಾಗಿ ಹೋಗುತ್ತದೆ, ಬಿಸಿ ಉಪ್ಪುನೀರು ಮುಕ್ಕಳಿಸಿದರೆ ಅಷ್ಟು ಹಿತ. ಬೆಳಿಗ್ಗೆ ಮಾತ್ರ ಉರಿಯುವವರು ಬಾಯಿ ತೆರೆದು ಮಲಗುವವರಿರಬಹುದು, ಹೊಟ್ಟೆಯ ಹುಳಿ ಮೇಲೇರುವವರೂ ಇರಬಹುದು. ಮರ ಕೊಯ್ಯುವ ಮಿಲ್ಲಿನವರಿಗೆ ಧೂಳು. ಇವನ್ನೆಲ್ಲ ಚೀಟಿಯ ಮೂಲೆಯಲ್ಲಿ ಒಂದು ಸಾಲಿನಲ್ಲಿ ಬರೆದು ಡಾಕ್ಟರ ಕೋಣೆಗೆ ಕಳಿಸುತ್ತಾರೆ.

ಬಸ್ ಕಂಡಕ್ಟರ್ ಒಬ್ಬರು ಕಿಂಡಿಯಲ್ಲಿ ಬಾಯಿ ತೆರೆದು ನಿಂತಿದ್ದಾರೆ. "ತಟ್ಟೆಯಣ್ಣ, ನನಗೂ ಒಂದು ಕಡ್ಡಿ ಹಾಕಿ ನೋಡಿ."

"ನಿನ್ನ ಗಂಟಲಲ್ಲಿ ಬೆಳೆಯೋದು 'ಮುಂದೆ ಹೋಗಿ, ಮುಂದೆ ಹೋಗಿ' ಅನ್ನೋದೊಂದೇ. ಎರಡು ದಿನ ಕೂಗಬೇಡ, ಸನ್ನೆ ಮಾಡು."

"ಸನ್ನೆ ಮಾಡಿದ್ರೆ ಮುಂದೆ ಹೋಗ್ತಾರಾ?"

"ಕೂಗಿದ್ರೆ ಹೋಗ್ತಾರಾ?"

ಸಾಲು ನಗುತ್ತದೆ. ತಟ್ಟೆಯಣ್ಣ ನಗುವುದಿಲ್ಲ. ಅವರ ಕಣ್ಣು ಬೆಂಚಿನ ತುದಿಯಲ್ಲಿ ಕೂತ ದರ್ಜಿ ಹೆಂಗಸಿನ ಮೇಲಿದೆ, ಅವರ ತೊಡೆಗೆ ಒರಗಿದ ಒಂಬತ್ತು ವರ್ಷದ ಮಗಳ ಮೇಲಿದೆ. ಬೆಳಗಿನ ಆ ಒಂಟಿ ಚುಕ್ಕೆ ಈ ಹುಡುಗಿಯದು.

"ನೆಗಡಿಯಿಲ್ಲ, ಕೆಮ್ಮಿಲ್ಲ, ಇದ್ದಕ್ಕಿದ್ದ ಹಾಗೆ ಜ್ವರ, ಉಗುಳು ನುಂಗೋಕಾಗಲ್ಲ, ಕುತ್ತಿಗೇಲಿ ಗಂಟು. ಇಂಥ ಮಕ್ಕಳನ್ನ ಡಾಕ್ಟರಮ್ಮ ನನ್ನ ಹತ್ರ ಕಳಿಸ್ತಾರೆ" ಎನ್ನುತ್ತಾರೆ ತಟ್ಟೆಯಣ್ಣ, ತಮ್ಮ ಬಗ್ಗೆ ಪತ್ರಿಕೆಗೆ ಬರೆಯಲು ಬಂದವರಿಗೆ. "ಹತ್ತು ತಟ್ಟೆ ಇಟ್ರೆ ಮೂರರಲ್ಲಿ ಉಂಗುರ ಬರುತ್ತೆ. ಆ ಮೂರಕ್ಕೆ ಔಷಧಿ ಕೊಡದೆ ಬಿಟ್ಟರೆ ಗಂಟಲು ವಾಸಿ ಆಗಬಹುದು, ಆದ್ರೆ ಒಂದೊಂದು ಸಲ ಆಮೇಲೆ ಹೃದಯಕ್ಕೆ ಪೆಟ್ಟು ಬೀಳುತ್ತೆ. ಉಳಿದ ಏಳಕ್ಕೆ ಸುಮ್ನೆ ಆ ಔಷಧಿ ಕೊಡೋದೂ ತಪ್ಪೇ."

ಒಂದು ದಿನಕ್ಕೆ ಏನೂ ಬೆಳೆಯದ ತಟ್ಟೆಯನ್ನು ಅವರು ಎಸೆಯುವುದಿಲ್ಲ. ಇನ್ನೊಂದು ದಿನ ಇಡುತ್ತಾರೆ. "ಬೆಳೆಯದೇ ಇರೋದಕ್ಕೂ ಏನಾದ್ರೂ ಕಾರಣ ಇರುತ್ತಲ್ಲ." ಹಾಗೆ ಇಟ್ಟಿದ್ದಕ್ಕೇ ಇವತ್ತು ಚುಕ್ಕೆ ಕಂಡಿದೆ.

ಕಿಂಡಿ ಬಿಟ್ಟು ಹೊರಬಂದು ತಾಯಿಯ ಪಕ್ಕ ಕೂರುತ್ತಾರೆ. ದನಿ ತಗ್ಗಿಸುತ್ತಾರೆ. "ಇಲ್ಲಿಗೆ ಬರೋ ಮುಂಚೆ ಮನೇಲಿ ಯಾವುದಾದ್ರೂ ಮಾತ್ರೆ ಕೊಟ್ಟಿದ್ರಾ, ಅಮ್ಮಾ?"

ತಾಯಿ ಸೆರಗಿನ ಅಂಚಿನ ಎಳೆಯೊಂದನ್ನು ಎಳೆಯುತ್ತಾರೆ. ತಟ್ಟೆಯಣ್ಣ ಮತ್ತೆ ಕೇಳುವುದಿಲ್ಲ, ಏಳುವುದೂ ಇಲ್ಲ.

"ಎರಡು ಕೊಟ್ಟೆ, ಅಣ್ಣ" ಎನ್ನುತ್ತಾರೆ ತಾಯಿ ಕೊನೆಗೆ. "ಹೋದ ಸಲದ್ದು ಉಳಿದಿತ್ತು. ಮೂರು ದಿನಕ್ಕೇ ಆರಾಮಾಗಿ ಆಡ್ಕೊಂಡಿದ್ಲು, ಅದಕ್ಕೇ ನಿಲ್ಲಿಸಿ ಎತ್ತಿಟ್ಟಿದ್ದೆ. ಬೈತೀರಾ ಅಂತ ಹೇಳ್ಲಿಲ್ಲ."

"ಬೈಯೋಕೆ ನಾನ್ಯಾರು? ಎರಡು ಮಾತ್ರೆ ಅದನ್ನ ಸಾಯಿಸಲ್ಲ, ಮರೆ ಮಾಡುತ್ತೆ ಅಷ್ಟೆ. ಒಂದು ದಿನ ಟೈಮ್ ಕೊಡಿ. ಇಷ್ಟಕ್ಕೆ ಏನೂ ಕೈಮೀರಿ ಹೋಗಲ್ಲ."

ಡಾಕ್ಟರಮ್ಮ ಬಾಗಿಲಿಂದ ತಲೆ ಹಾಕುತ್ತಾರೆ. "ಹೌದೋ ಅಲ್ವೋ, ಒಂದು ಹೇಳಿ ಮಾರಾಯ್ರೇ."

"ನಾಳೆ ಹೇಳ್ತೀನಿ, ಡಾಕ್ಟರಮ್ಮ." ಮಾತ್ರೆಯ ವಿಷಯವನ್ನೂ ಅವರ ಕಿವಿಗೆ ಹಾಕುತ್ತಾರೆ.

ಒಳಗೆ ಹೋಗಿ ತಂತಿಯ ತುದಿಯಲ್ಲಿ ಆ ಚುಕ್ಕೆಯನ್ನು ಎತ್ತುತ್ತಾರೆ. ಹೊಸ ತಟ್ಟೆಗೆ ಎಳೆದು, ನಡುವೆ ಆ ರೋಗಾಣುವನ್ನು ಮಾತ್ರ ತಡೆಯುವ ಔಷಧಿ ಹೀರಿದ ಪುಟ್ಟ ಬಿಲ್ಲೆ ಇಡುತ್ತಾರೆ. ಬಿಲ್ಲೆಯ ಹತ್ತಿರ ಏನೂ ಬೆಳೆಯದಿದ್ದರೆ ಅದು ಅದೇ.

ಮರುದಿನ ಆರೂವರೆಗೆ ತಟ್ಟೆ ಮತ್ತೆ ಕಿಟಕಿಯ ಬೆಳಕಿನಲ್ಲಿದೆ. ತಟ್ಟೆ ತುಂಬ ತಿಳಿ ಉಂಗುರಗಳು. ಬಿಲ್ಲೆಯ ಸುತ್ತ ಮಾತ್ರ ಖಾಲಿ ಕೆಂಪು. ಈ ಸಲ ಕನ್ನಡಕ ತೆಗೆಯುವುದಿಲ್ಲ.

ಒಂಬತ್ತಕ್ಕೆ ಹುಡುಗಿಯ ಕೈಗೆ ಹತ್ತು ದಿನದ ಮಾತ್ರೆ ಬರುತ್ತದೆ. ತಟ್ಟೆಯಣ್ಣ ಒಂದು ಕಾಗದದಲ್ಲಿ ಹತ್ತು ಚೌಕ ಬರೆದು ಕೊಡುತ್ತಾರೆ. "ಪುಟ್ಟೀ, ದಿನಕ್ಕೊಂದು ಚೌಕಕ್ಕೆ ಬಣ್ಣ ತುಂಬು. ನಾಲ್ಕನೇ ದಿನ ನೋವೇ ಇರಲ್ಲ, ಆಗ್ಲೂ ಬಿಡಬಾರದು. ಹತ್ತೂ ಬಣ್ಣ ಆದ್ಮೇಲೆ ನಂಗೆ ತಂದು ತೋರಿಸ್ಬೇಕು." ಮೇಜಿನ ಗಾಜಿನ ಕೆಳಗೆ ಹೀಗೆ ಮರಳಿ ಬಂದ ಕಾಗದಗಳು ನೂರಾರಿವೆ.

ಅದೇ ಹೊತ್ತಿಗೆ ನರ್ಸ್ ಕೋಣೆಯಿಂದ ಸೊಂಟ ಹಿಡಿದುಕೊಂಡು ತಟ್ಟೆಯಣ್ಣನ ತಂಗಿ ಬರುತ್ತಾರೆ. ನಲವತ್ಮೂರರ ಅವರು ಶಾಲೆಯೊಂದರ ಗ್ರಂಥಾಲಯ ನೋಡಿಕೊಳ್ಳುತ್ತಾರೆ. ಹತ್ತನೇ ವಯಸ್ಸಿನಲ್ಲಿ ಗಂಟಲು ನೋವಿನ ಬೆನ್ನಿಗೇ ಜ್ವರ ಬಂದು ಹೃದಯದ ಕವಾಟ ಹಾಳಾಯಿತು. ಅಂದಿನಿಂದ ಮೂರು ವಾರಕ್ಕೊಮ್ಮೆ ಚುಚ್ಚುಮದ್ದು. ಮೆಟ್ಟಿಲು ಹತ್ತುವಾಗ ಎರಡು ಕಡೆ ನಿಲ್ಲುತ್ತಾರೆ, ಮಾತಿನಲ್ಲಿ ಎಲ್ಲೂ ನಿಲ್ಲುವುದಿಲ್ಲ.

"ಇವನ ಬಗ್ಗೆ ಬರೀತೀರಾ? ಹುಷಾರು, ಭಾನುವಾರದ ಪೇಪರ್ ನಮ್ಮನೇಲಿ ಜೋರಾಗಿ ಓದೋದು ನಾನೇ" ಎನ್ನುತ್ತಾರೆ. ಮತ್ತೆ ಅಣ್ಣನಿಗೆ, "ಬರ್ತೀನಿ ಕಣೋ. ತಟ್ಟೆ ಬಿಟ್ಟು ಊಟಕ್ಕೆ ಬಾ."

ಅವರು ಗೇಟು ದಾಟುವವರೆಗೂ ತಟ್ಟೆಯಣ್ಣ ಕಿಟಕಿಯಲ್ಲಿ ನಿಂತಿರುತ್ತಾರೆ. ಆಮೇಲೆ, ಯಾರೂ ಕೇಳದೆಯೇ ಹೇಳುತ್ತಾರೆ. "ಆಗ ಅಪ್ಪ ಅಮ್ಮ ಇಬ್ರೂ ಕೆಲಸಕ್ಕೆ ಹೋಗ್ತಿದ್ರು. ಮಾತ್ರೆ ಕೊಡೋದು ನನ್ನ ಪಾಲಿಗಿತ್ತು. ನಂಗೆ ಹದಿನೆಂಟು. ಮೂರನೇ ದಿನ ಅವಳು ಕುಂಟೆಬಿಲ್ಲೆ ಆಡ್ತಿದ್ಲು. ವಾಸಿಯಾಯ್ತಲ್ಲ, ಉಳಿದಿದ್ದು ಮುಂದಿನ ಸಲಕ್ಕೆ ಆಗುತ್ತೆ ಅಂತ ಡಬ್ಬೀಲಿ ಎತ್ತಿಟ್ಟೆ."

ಇದನ್ನು ಬರೆಯಬಹುದೇ ಎಂದರೆ, ತೊಳೆದಿಟ್ಟ ತಂತಿಯನ್ನು ಮತ್ತೊಮ್ಮೆ ಒರೆಸುತ್ತಾರೆ. "ಬರೀರಿ. ಎದುರಿಗೆ ಬಾಯಿ ಬರಲ್ಲ. ಅವಳೇ ಓದ್ಲಿ."

ಆ ಮಾತ್ರೆಗಳನ್ನು ನಿಲ್ಲಿಸಿದ್ದು ತಾನೇ ಎಂದು ಈ ಮೂವತ್ಮೂರು ವರ್ಷಗಳಲ್ಲಿ ಅವರು ತಂಗಿಗೆ ಒಮ್ಮೆಯೂ ಹೇಳಿಲ್ಲ.