ಸಿಲ್ವಾರವಲ್ಲದ ಚೊಂಬು

ಒಂದು ಚೊಂಬಿನ ದೆಸೆಯಿಂದ ನನ್ನ ಮದುವೆ ಮುರಿದು ಬೀಳುವುದರಲ್ಲಿತ್ತು ಎಂದರೆ ಈಗಿನವರು ನಗುತ್ತಾರೆ. ನಗಲಿ. ಆವತ್ತು ನನಗೆ ಮೈಯೆಲ್ಲ ಉರಿದಿತ್ತು.

ಎಪ್ಪತ್ತರ ದಶಕದ ಮಾತು. ಹೊಸದುರ್ಗದಲ್ಲಿ ನಮ್ಮಪ್ಪನಿಗೆ ಕೊಬ್ಬರಿ ವ್ಯಾಪಾರ. ನನ್ನನ್ನು ನೋಡಲು ಬಂದವರು ಹೊಳಲ್ಕೆರೆ ಕಡೆಯ ಹಳ್ಳಿಯವರು, ಹೊಲವೂ ಕುರಿಯೂ ಇದ್ದ ಮನೆ. ನಮ್ಮ ತಾತನವರೆಗೆ ನಾವೂ ಕುರಿ ಕಾಯ್ದವರೇ, ಹಾಗಾಗಿ ಸಂಬಂಧ ಹೊಂದುತ್ತಿತ್ತು. ಹುಡುಗನಿಗೆ ಮಾತು ಕಡಿಮೆ. ಕಾಫಿ ಕೊಡುವಾಗ ಲೋಟದ ಬಿಸಿಗೆ ನಾನು ಬೆರಳು ಎಳೆದುಕೊಂಡೆ. ಅವನು ಹೆಗಲ ಮೇಲಿನ ಟವಲ್ ತೆಗೆದು ಅದರಲ್ಲೇ ಲೋಟ ಹಿಡಿದುಕೊಂಡ. ಅಷ್ಟಕ್ಕೇ ನನಗೆ ಹಿಡಿಸಿಬಿಟ್ಟ. ಆದರೆ ಅವರ ಮನೆಯ ಯಜಮಾನಿಕೆ ಹುಡುಗನ ಅಜ್ಜಿಯದು. ಅಜ್ಜಿ ಊಹೂಂ ಅಂದರೆ ಮುಗಿಯಿತು.

ಎಲ್ಲ ಸರಿಯಾಗಿಯೇ ನಡೆದಿತ್ತು. ಒಪ್ಪಿಗೆಯ ಎಲೆ ಅಡಿಕೆ ತಟ್ಟೆಯೂ ಚಾಪೆಗೆ ಬಂದಿತ್ತು. ಆಗ ನನ್ನ ಸೋದರಮಾವ ಬಾಯಿ ತೆರೆದ. ಚಿತ್ರದುರ್ಗದಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದ ಅವನಿಗೆ ಪೇಟೆಗೆ ಬಂದ ಹೊಸ ಸಾಮಾನನ್ನೆಲ್ಲ ತಾನೇ ಕಂಡುಹಿಡಿದಷ್ಟು ಹೆಮ್ಮೆ. ಕಾಗದ ಬಿಚ್ಚಿ ಥಳಥಳಿಸುವ ಸ್ಟೀಲ್ ಚೊಂಬೊಂದನ್ನು ನಡುವೆ ಇಟ್ಟ.

"ಹಿತ್ತಾಳೆ ಕಾಲ ಮುಗೀತು ಕಣ್ರಿ. ಹುಡುಗಿ ಜೊತೆ ಎಲ್ಲಾ ಎವರ್‌ಸಿಲ್ವರ್ ಪಾತ್ರೆನೇ ಕೊಡ್ತೀವಿ."

ಸ್ಟೀಲಿಗೆ ಆಗ ಪೇಟೆಯವರ ಹೆಸರು ಎವರ್‌ಸಿಲ್ವರ್. ಹಳ್ಳಿಯಲ್ಲಿ ಸಿಲ್ವಾರ ಅಂದರೆ ಅಲ್ಯೂಮಿನಿಯಂ. ಹುಳಿ ತಾಗಿ ಕಪ್ಪಾಗಿ, ಸಣ್ಣ ತೂತು ಬಿದ್ದು, ಕೊನೆಗೆ ನಾಯಿಗೆ ಮುದ್ದೆ ಹಾಕಲು ಹಿತ್ತಲು ಸೇರುವ ಪಾತ್ರೆ. ಅಜ್ಜಿಯ ಕಿವಿಗೆ 'ಎವರ್' ಬೀಳಲೇ ಇಲ್ಲ.

"ಸಿಲ್ವಾರನಾ? ನಮ್ಮನ್ನೇನು ಗತಿಗೆಟ್ಟೋರು ಅಂತ ತಿಳ್ಕಂಡ್ರಾ?" ಎಂದು ಎಲೆ ತಟ್ಟೆಯನ್ನು ಹಿಂದಕ್ಕೆ ತಳ್ಳಿದರು.

"ಅಯ್ಯೋ, ಇದು ಉಕ್ಕು ಕಣಜ್ಜಿ! ತುಕ್ಕು ಹಿಡಿಯಲ್ಲ, ಕಲಾಯಿ ಬೇಕಿಲ್ಲ. ತಡೀರಿ, ತೋರಿಸ್ತೀನಿ" ಎಂದು ಮಾವ ಜೇಬಿನಿಂದ ಹಳೆಯ ಸ್ಪೀಕರಿನ ಅಯಸ್ಕಾಂತ ತೆಗೆದ. ಅಸಲಿ ಮಾಲಿಗೆ ಅಯಸ್ಕಾಂತ ಅಂಟುವುದಿಲ್ಲ ಎಂದು ಅಂಗಡಿಯವನು ಅವನಿಗೆ ಹೇಳಿಕೊಟ್ಟಿದ್ದ. ಅಂಟಲಿಲ್ಲ. ಮಾವ ಕುಸ್ತಿ ಗೆದ್ದವನಂತೆ ಸುತ್ತ ನೋಡಿದ.

"ಉಕ್ಕು ಅಂತೀಯ, ಅಯಸ್ಕಾಂತ ಹಿಡೀಲಿಲ್ಲ" ಎಂದರು ಅಜ್ಜಿ. "ಸಿಲ್ವಾರನೂ ಹಿಡಿಯಲ್ಲ ಕಣಪ್ಪ. ಅಲ್ಲಿಗೆ ನೀನೇ ಒಪ್ಕಂಡಂಗಾತು. ಏಳ್ರಿ, ಹೋಗಾಣ."

ಮಾವ ಅಯಸ್ಕಾಂತವನ್ನು ಜೇಬಿಗೆ ಸೇರಿಸಿದ. ಹುಡುಗ ಎದ್ದು ಚಪ್ಪಲಿ ಹುಡುಕತೊಡಗಿದ. ಆ ಚಪ್ಪಲಿ ಕಂಡದ್ದೇ ನನ್ನ ಸಿಟ್ಟು ನೆತ್ತಿಗೇರಿತು. ನೋಡಲು ಬಂದವರೆದುರು ಹೆಣ್ಣು ತಲೆ ಎತ್ತುವುದೇ ಹೆಚ್ಚು. ನಾನು ಬಾಯಿಯನ್ನೇ ಎತ್ತಿದೆ.

"ಅಜ್ಜಿ, ನಮ್ಮನೇಲಿ ಹುಳಿ ಮಜ್ಜಿಗೆ ಐತೆ. ಹುಣಸೆಹಣ್ಣೂ ಕಿವುಚಿ ಹಾಕ್ಕೊಡ್ತೀನಿ. ಈ ಚೊಂಬಿನಾಗೇ ತಗಂಡೋಗಿ ಒಂದು ವಾರ ಇಡ್ರಿ. ತೂತು ಬಿದ್ರೆ ಈ ಕಡೆ ತಲೆ ಹಾಕ್ಬ್ಯಾಡ್ರಿ. ಬೀಳ್ದಿದ್ರೆ ಬಂದು ಎಲೆ ಅಡಿಕೆ ತಗಳ್ರಿ."

ಬಾಗಿಲ ಹಿಂದೆ ಅಮ್ಮ ಹಣೆ ಚಚ್ಚಿಕೊಂಡಳು. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹಾಕ್ಕಂಡು ಬಾ" ಎಂದರು. ಚೊಂಬಿನ ಬಾಯಿಗೆ ಬಾಳೆ ಎಲೆ ಕಟ್ಟಿಕೊಟ್ಟೆ. ಅಜ್ಜಿ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಬಸ್ಸಿನಲ್ಲಿ ಹೋದರು.

ಅಂಥ ಉಕ್ಕಿಗೆ ಕ್ರೋಮಿಯಂ ಬೆರೆಸಿರುತ್ತಾರೆ, ಅದು ಗಾಳಿ ತಾಗಿದೊಡನೆ ಕಣ್ಣಿಗೆ ಕಾಣದ ತೆಳು ಪೊರೆ ಕಟ್ಟಿಕೊಳ್ಳುತ್ತದೆ, ಗೀರು ಬಿದ್ದರೂ ಮತ್ತೆ ಕಟ್ಟಿಕೊಳ್ಳುತ್ತದೆ, ನಿಕ್ಕಲ್ ಸಾಕಷ್ಟು ಸೇರಿದ್ದರೆ ಅಯಸ್ಕಾಂತಕ್ಕೂ ಸೊಪ್ಪು ಹಾಕುವುದಿಲ್ಲ ಎಂಬುದೆಲ್ಲ ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಆ ವಾರ ನನಗೆ ಗೊತ್ತಿದ್ದದ್ದು, ನಮ್ಮ ಮಾವನಿಗೆ ಯಾರು ಬೇಕಾದರೂ ಟೋಪಿ ಹಾಕಬಹುದು ಎನ್ನುವುದೊಂದೇ. ಚೊಂಬು ನಕಲಿಯಾಗಿದ್ದರೆ? ಅನ್ನ ಸೇರಲಿಲ್ಲ. ಮನೆದೇವರಿಗೆ ಹರಕೆ ಹೊತ್ತೆ. ಹುಣಸೆಹಣ್ಣನ್ನು ಅಷ್ಟೊಂದು ಯಾಕೆ ಹಾಕಿದೆನೋ ಎಂದು ನನ್ನನ್ನೇ ಬೈದುಕೊಂಡೆ.

ವಾರ ಕಳೆದು ಹುಡುಗ ಒಬ್ಬನೇ ಬಂದ. ಬರಿಗೈ. ಚೊಂಬು ಇಲ್ಲ, ಅಜ್ಜಿ ಇಲ್ಲ. ಅಪ್ಪ ಸಂತೆಗೆ ಹೋಗಿದ್ದರು, ಅಮ್ಮ ಅಡುಗೆಮನೆಯಲ್ಲಿದ್ದಳು. ಜಗಲಿಗೆ ನಾನೇ ಹೋಗಿ, "ತೂತು ಬಿತ್ತಾ?" ಎಂದು ಕೇಳಿದೆ.

"ಇಲ್ಲ. ಒಂದು ಕಲೆ ಸೈತ ಇಲ್ಲ" ಎಂದ. "ಆದ್ರೆ ಅಜ್ಜಿ ಚೊಂಬು ಬಿಟ್ಟುಕೊಡಾಕೆ ಒಲ್ಲದು. ದಿನಾ ಬೂದಿ ಹಚ್ಚಿ ತಿಕ್ಕಿ ಅದರಾಗೆ ಮುಖ ನೋಡ್ಕಂಡು ಕುಂತೈತೆ. ಆ ಚೊಂಬು ಮನೇಲಿ ಉಳೀಬೇಕಂದ್ರೆ ಈ ಮದುವೆ ಆಗ್ಲೇಬೇಕಂತೆ."

ಸಮಾಧಾನವಾಗಬೇಕಿತ್ತು. ನನಗೆ ಮತ್ತೆ ಸಿಟ್ಟು ಬಂತು.

"ಚೊಂಬಿಗೋಸ್ಕರ ಆದ್ರೆ ಚೊಂಬನ್ನೇ ಇಟ್ಕಳ್ರಿ. ಮದುವೆ ಬ್ಯಾಡ."

ಅವನು ಟವಲ್ಲಿನ ಅಂಚನ್ನು ಬೆರಳಿಗೆ ಸುತ್ತಿದ. ಆಮೇಲೆ ನೆಲ ನೋಡಿಕೊಂಡು ಹೇಳಿದ:

"ಅಜ್ಜಿ ಮಾತು ಅಜ್ಜಿದು. ಅವತ್ತು ಎಲ್ಲಾರೂ ಚೊಂಬು ಚೊಂಬು ಅಂತ ಜಗಳಾಡಿದ್ರಲ್ಲ, ನಾನು ಅದರ ಕಡೆ ನೋಡೇ ಇರ್ಲಿಲ್ಲ."

ನಾನು ಒಳಗೆ ಹೋಗಿ, ಕಾಫಿಗೆ ಇಡು ಎಂದು ಅಮ್ಮನಿಗೆ ಹೇಳಿದೆ.