ವೇಣೂರಿನ ತೆಂಗಿನಕಾಯಿ, ಜಗನ್ನಾಥನ ಕ್ಯಾರವಾನ್

ಮೇ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ಆರು ಗಂಟೆಗೆ ಮೂಡುಬಿದಿರೆಯಿಂದ ಹೊರಟೆವು. ಇದ್ದವರು ಮೂವರು: ನಾನು, ನನ್ನ ಹೆಂಡತಿ ಸುಮತಿ, ಅವಳ ತಮ್ಮ ಜಗನ್ನಾಥ. ಕುವೈತಿನಿಂದ ಮರಳಿದ ಜಗನ್ನಾಥ ಹಳೆಯ ಕ್ಯಾರವಾನ್ ಒಂದನ್ನು ಕೊಂಡಿದ್ದ. ಒಳಗೆ ಮಲಗಲು, ಅಡುಗೆ ಮಾಡಲು ಜಾಗವಿರುವ ಎರಡು ಚಕ್ರದ ಗಾಡಿ. ಅದನ್ನು ನಾಲ್ಕೂ ಚಕ್ರದಿಂದ ಎಳೆಯುವ ಅವನ ಫೋರ್ ವೀಲ್ ಜೀಪಿಗೆ ಕಟ್ಟಿ ಬಂಟ್ವಾಳಕ್ಕೆ, ಸುಮತಿಯ ಅಕ್ಕ ಲೀಲಕ್ಕನ ಮನೆಗೆ ಮುಟ್ಟಿಸಬೇಕಿತ್ತು. ಮರುದಿನ ಎಲ್ಲರೂ ಸೇರಿ ಕಡಲ ಕಡೆಗೆ ಹೋಗುವ ಯೋಜನೆ. ಸೈನ್ಯದಲ್ಲಿ ಟ್ರೈಲರ್ ಎಳೆದವನೆಂದು ನನ್ನನ್ನು ಕರೆದಿದ್ದರು. ಕರೆದದ್ದು ಮಾತ್ರ, ನನ್ನ ಮಾತು ಕೇಳಲಿಕ್ಕಲ್ಲ.

ಹೊರಡುವ ಮೊದಲು ಕೊಂಡಿಯ ಪಿನ್ನು, ಅದರ ಕೆಳಗೆ ಅಡ್ಡಡ್ಡ ಬಿಗಿದ ಸರಪಳಿ, ಹಿಂದಿನ ದೀಪ, ಟೈರಿನ ಗಾಳಿ ನೋಡಿದೆ. ಭಾರವೆಲ್ಲ ಚಕ್ರದ ಮೇಲೆ, ತುಸು ಮುಂದಕ್ಕೆ ಬರುವಂತೆ ನೀರಿನ ಕ್ಯಾನುಗಳನ್ನು ನಾನೇ ಜೋಡಿಸಿದೆ.

ದಾರಿ ಸುತ್ತಾದರೂ ಮೊದಲು ವೇಣೂರಿಗೆ ಹೋದೆವು, ಅಲ್ಲಿ ಸುಮತಿಯ ಚಿಕ್ಕಮ್ಮನ ಮನೆ. ಹತ್ತು ನಿಮಿಷವೆಂದು ಇಳಿದವರು ನೀರುದೋಸೆ ಮುಗಿಸಿ ಏಳುವಾಗ ಬಿಸಿಲೇರಿತ್ತು. ನಮ್ಮ ಕಡೆ ನೆಂಟರನ್ನು ಬರಿಗೈಯಲ್ಲಿ ಕಳಿಸುವ ಪದ್ಧತಿಯಿಲ್ಲ. ನಾನು ಕೈ ತೊಳೆದು ಬರುವಷ್ಟರಲ್ಲಿ ಕ್ಯಾರವಾನಿನ ಹಿಂಬದಿಯಲ್ಲಿ ಮೂರು ಗೋಣಿ ತೆಂಗಿನಕಾಯಿ, ನಾಲ್ಕು ಹಲಸು ಕೂತಿದ್ದವು.

“ಇದನ್ನು ಮುಂದಕ್ಕೆ ಇಡುವ,” ಎಂದೆ.

“ಅಲ್ಲೇ ಇರ್ಲಿ ಅಳಿಯಂದ್ರೇ, ಇಳಿಸ್ಲಿಕ್ಕೆ ಸುಲಭ. ಇನ್ನೊಂದು ಗೋಣಿ ಉಂಟು, ಹಾಕುವನಾ?” ಎಂದರು ಚಿಕ್ಕಮ್ಮ.

“ಫೋರ್ ವೀಲ್ ಉಂಟಲ್ಲ ಭಾವ, ಆನೆ ಕಟ್ಟಿದ್ರೂ ಎಳೀತದೆ,” ಎಂದ ಜಗನ್ನಾಥ.

“ಫೋರ್ ವೀಲ್ ಕೆಸರಿಗೆ ಮಾರಾಯ. ಹಿಂದೆ ಭಾರ ಹೆಚ್ಚಾದ್ರೆ ಗಾಡಿ ಬಾಲ ಬೀಸ್ತದೆ.”

“ಇವರ ಪರೇಡ್ ಇನ್ನೂ ಮುಗೀಲಿಲ್ಲ,” ಎಂದಳು ಸುಮತಿ. ಎಲ್ಲರೂ ನಕ್ಕರು. ನೆಂಟರ ಅಂಗಳದಲ್ಲಿ ಜಗಳ ಬೇಡವೆಂದು ಜೀಪು ಹತ್ತಿದೆ.

ಗುರುವಾಯನಕೆರೆಯಲ್ಲಿ ಬಂಟ್ವಾಳದ ಕಡೆ ತಿರುಗಿ ಪುಂಜಾಲಕಟ್ಟೆ ದಾಟಿದೆವು. ಇಳಿಜಾರಿನಲ್ಲಿ ಗೇರ್ ಇಳಿಸು ಎಂದರೆ ಜಗನ್ನಾಥ ರೇಡಿಯೊ ಜೋರು ಮಾಡಿದ. ಲಾರಿಯೊಂದು ಎದುರಿನಿಂದ ಹಾದುಹೋದ ಗಾಳಿಗೆ ಕ್ಯಾರವಾನ್ ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗತೊಡಗಿತು. ಪ್ರತಿ ತೂಗಾಟಕ್ಕೂ ಜೀಪಿನ ಹಿಂಭಾಗ ಅದರ ಜೊತೆ ಜಾರುತ್ತಿತ್ತು. ಎದುರಿಗೆ ಬಸ್ಸು ಬರುತ್ತಿತ್ತು.

“ಬ್ರೇಕ್ ಒತ್ತಬೇಡ. ಸ್ಟೀರಿಂಗ್ ನೇರ ಹಿಡಿ. ಆಕ್ಸಿಲರೇಟರಿನಿಂದ ಕಾಲು ತೆಗಿ, ಅಷ್ಟೇ.”

ಆ ದಿನ ಅವನು ನನ್ನ ಮಾತು ಕೇಳಿದ್ದು ಅದೇ ಮೊದಲು. ಬಸ್ಸು ಹಾರನ್ ಒತ್ತುತ್ತಲೇ ಪಕ್ಕದಲ್ಲಿ ದಾಟಿತು. ವೇಗ ಇಳಿದಂತೆ ತೂಗಾಟವೂ ನಿಂತಿತು.

“ಬಸ್ಸಿನವನ ಮೀಸೆ ಕಾಣ್ತಿತ್ತು ನನಗೆ,” ಎಂದಳು ಸುಮತಿ.

ಅಗಲವಾದ ಜಾಗ ನೋಡಿ ನಿಲ್ಲಿಸಿದೆವು. ಗೋಣಿಗಳನ್ನು ಜಗನ್ನಾಥನೇ ಎಳೆದು ಚಕ್ರದ ಮೇಲಕ್ಕೆ ತಂದ. ಹಲಸನ್ನು ಜೀಪಿಗೆ ಹಾಕಿದೆ. ಉಳಿದ ದಾರಿಯನ್ನು ನಿಧಾನವಾಗಿ ಕ್ರಮಿಸಿದೆವು.

ಲೀಲಕ್ಕನ ಅಂಗಳದಲ್ಲಿ ನಾನು ಚಕ್ರಗಳಿಗೆ ಕಲ್ಲು ಇಡುತ್ತಿದ್ದಾಗಲೇ, ನಾಳೆ ಮರೆಯಬಾರದೆಂದು ಅವರು ಒಂದು ಬುಟ್ಟಿ ಸೌತೆಕಾಯಿ ಹಿಡಿದು ಕ್ಯಾರವಾನಿನ ಹಿಂಬಾಗಿಲಿಗೆ ಬಂದರು.

“ಹಿಂದೆ ಇಡ್ಬಾರ್ದು ಲೀಲಕ್ಕ,” ಎಂದ ಜಗನ್ನಾಥ, ಬುಟ್ಟಿಯನ್ನು ಕಸಿದುಕೊಂಡು. “ಅದಕ್ಕೆಲ್ಲ ಒಂದು ಲೆಕ್ಕ ಉಂಟು. ನಿಮಗೆ ಗೊತ್ತಾಗ್ಲಿಕ್ಕಿಲ್ಲ.”

ನಾನು ಕೊನೆಯ ಕಲ್ಲನ್ನು ಕಾಲಿನಿಂದ ಒತ್ತಿ ಬಿಗಿಮಾಡಿ, ಸ್ನಾನಕ್ಕೆ ಹೋದೆ.