ರೊಟ್ಟಿ ಗಾಡಿಯ ಒಡೆದ ಗೇರ್‌ಬಾಕ್ಸ್

ಮೂರು ವರ್ಷದ ಹಿಂದಿನ ಮೇ ತಿಂಗಳು. ಅಫಜಲಪುರ, ಜೇವರ್ಗಿಗಳಲ್ಲಿ ಬೇರೆಯವರ ಕೈಕೆಳಗೆ ಪಾನಾ, ಅಂದರೆ ಸ್ಪ್ಯಾನರ್, ಹಿಡಿದು ದುಡಿದು, ಕೊನೆಗೆ ಆಳಂದದಲ್ಲಿ ನನ್ನದೇ ಗ್ಯಾರೇಜ್ ತೆರೆದು ಇಪ್ಪತ್ತು ವರ್ಷ ದಾಟಿತ್ತು. ಲೆಕ್ಕವಿಲ್ಲದಷ್ಟು ಗಾಡಿ ಬಿಚ್ಚಿ ಜೋಡಿಸಿದ್ದೇನೆ. ಆದರೆ ಆ ಒಂದು ದಿನದ ಮಾತು ತೆಗೆದರೆ ಈಗಲೂ ಕುಳಿತಲ್ಲಿ ಕೂರಲಾಗುವುದಿಲ್ಲ ನನಗೆ.

ಬೆಳಿಗ್ಗೆ ಬಾಗಿಲು ತೆರೆಯುವಷ್ಟರಲ್ಲಿ ಹಿರೋಳ್ಳಿಯ ಮಹಾದೇವಿ ತನ್ನ ಸಣ್ಣ ಗೂಡ್ಸ್ ಗಾಡಿಯನ್ನು ಟ್ರ್ಯಾಕ್ಟರಿಗೆ ಕಟ್ಟಿಸಿ ಎಳೆತಂದಿದ್ದಳು. ಊರಿನ ಹೆಂಗಸರು ಬಡಿದ ಜೋಳದ ರೊಟ್ಟಿಯನ್ನು ಕಲಬುರಗಿಯ ಹಾಸ್ಟೆಲ್ಲುಗಳಿಗೆ ಮುಟ್ಟಿಸುವವಳು ಅವಳೇ, ಡ್ರೈವರೂ ಅವಳೇ. ಹಿಂದಿನ ಸಂಜೆ ರಸ್ತೆಯ ಕಲ್ಲು ಗೇರ್‌ಬಾಕ್ಸಿನ ಹೊಟ್ಟೆಗೆ ಬಡಿದು, ಅಲ್ಯೂಮಿನಿಯಂ ಕವಚ ಬಿರುಕು ಬಿಟ್ಟು ಆಯಿಲ್ ಸೋರಿಹೋಗಿತ್ತು. ಪುಣ್ಯಕ್ಕೆ ಅವಳು ತಕ್ಷಣ ಗಾಡಿ ನಿಲ್ಲಿಸಿದ್ದರಿಂದ ಒಳಗಿನ ಗೇರುಗಳು ಉಳಿದಿದ್ದವು.

"ಕಾಕಾ, ನಾಳಿ ಮುಂಜಾನಿ ರೊಟ್ಟಿ ಮುಟ್ಟಲಿಲ್ಲಂದ್ರ ಆರ್ಡರ್ ಬ್ಯಾರೆದೋರಿಗಿ ಹೋಗ್ತದ್ರಿ. ಹನ್ನೆರಡು ಮಂದಿ ಹೆಣ್ಮಕ್ಕಳು ನನ್ನ ನಂಬಿ ಒಲಿ ಮುಂದ ಕುಂತಾರ," ಎಂದಳು.

ಹೊಸ ಕವಚ ಸೊಲ್ಲಾಪುರದಿಂದ ಬರಲು ಮೂರು ದಿನ. ವೆಲ್ಡಿಂಗ್ ಮಾಡಿಸಿದರೆ ಕಾವಿಗೆ ಕವಚ ಸೊಟ್ಟಗಾಗುವ ಭಯ. ಉಳಿದದ್ದು ಎಪಾಕ್ಸಿ ಮೆಟಲ್ ಫಿಲ್ಲರ್, ಅಂದರೆ ಲೋಹದ ಪುಡಿ ಬೆರೆಸಿದ, ಎರಡು ಭಾಗ ಕಲಸಿ ಹಚ್ಚುವ ಗಟ್ಟಿ ಅಂಟು. ಮೊದಲು ಬಿರುಕು ಎಲ್ಲಿದೆ ಎಂದು ನೋಡಿದೆ. ಬೋಲ್ಟ್ ಕೂರುವ ಕಿವಿಯಲ್ಲಿದ್ದಿದ್ದರೆ ಕೈಮುಗಿದು ಕಳಿಸುತ್ತಿದ್ದೆ. ಭಾರ ಹೊರುವ ಜಾಗಕ್ಕೆ, ಬ್ರೇಕಿಗೆ, ಸ್ಟೇರಿಂಗಿಗೆ ಫಿಲ್ಲರ್ ಮೆತ್ತುವವನನ್ನು ನಾನು ನನ್ನ ಗ್ಯಾರೇಜಿನ ಹೊಸ್ತಿಲು ತುಳಿಯಗೊಡುವುದಿಲ್ಲ. ಇದು ಬರೀ ಗೋಡೆಯ ಬಿರುಕು. ಸದ್ಯ, ಬದುಕಿದೆ ಅನ್ನಿಸಿತು.

ನನ್ನ ಬಳಿ ಎರಡು ಬಗೆಯ ಫಿಲ್ಲರ್ ಇದ್ದವು. ಒಂದು ಉಕ್ಕಿನ ಪುಡಿಯದು, ಐದೇ ನಿಮಿಷಕ್ಕೆ ಗಟ್ಟಿಯಾಗುವಂಥದ್ದು. ಮಹಾದೇವಿ ಬೆರಳು ತೋರಿಸಿದ್ದು ಅದಕ್ಕೇ. ಆದರೆ ಆ ಡಬ್ಬಿಯ ಮಾಲು ಬಿಸಿ ಆಯಿಲಿಗೆ ಮೆತ್ತಗಾಗುತ್ತದೆ. ಕಲಬುರಗಿ ಮುಟ್ಟುವ ಮೊದಲೇ ಮತ್ತೆ ಸೋರಿ, ಈ ಸಲ ಗೇರುಗಳೂ ಹೋಗುತ್ತಿದ್ದವು. ಇನ್ನೊಂದು ಅಲ್ಯೂಮಿನಿಯಂ ಪುಡಿಯದು. ಕವಚದ ಜೊತೆಗೇ ಹಿಗ್ಗಿ ಕುಗ್ಗುತ್ತದೆ, ಬಿಸಿಯನ್ನೂ ತಾಳುತ್ತದೆ. ಆದರೆ ಪೂರ್ತಿ ಗಟ್ಟಿಯಾಗಲು ಇಡೀ ಒಂದು ದಿನ ಬೇಕು. ಅರವತ್ತು ಡಿಗ್ರಿ ಕಾವು ಕೊಟ್ಟರೆ ಮಾತ್ರ ನಾಲ್ಕೇ ತಾಸು ಸಾಕೆಂದು ಡಬ್ಬಿಯ ಮೇಲೆ ಬರೆದಿತ್ತು. ಅಷ್ಟು ಕಾವು ಎಲ್ಲಿಂದ ತರಲಿ ಎಂದು ಗೊಣಗುತ್ತ ನಿಂತಿದ್ದೆ.

ಅಷ್ಟರಲ್ಲಿ ಗ್ಯಾರೇಜಿನ ಮಾಳಿಗೆಯ ಮೇಲೆ ತಗಡು ಹಾಸಿ ಸಂಡಿಗೆ ಒಣಹಾಕುತ್ತಿದ್ದ ನನ್ನ ಹೆಂಡತಿ ಕೂಗಿದಳು: "ನನ್ನ ಚಪ್ಪಲಿ ಮ್ಯಾಲ ಒಗೀರಿ! ಕಾಲು ಸುಡಾಕತ್ತಾವ!"

ಚಪ್ಪಲಿ ಮರೆತು, ಥರ್ಮಾಮೀಟರ್ ಗನ್ ಹಿಡಿದು ಓಡಿದೆ. ತಗಡಿನ ಮೇಲೆ ಅರವತ್ತಮೂರು ಡಿಗ್ರಿ! ನಮ್ಮ ಕಡೆಯವರೆಲ್ಲ ಬೈಯುವ ಬಿಸಿಲು, ಅವತ್ತು ನನಗೆ ದೇವರಂತೆ ಕಂಡಿತು. ಸಂಡಿಗೆ ಸರಿಸಬೇಕೆಂದಾಗ ಹೆಂಡತಿಯಿಂದ ಬೈಗುಳ ತಿಂದೆ. ಆದರೂ ನನಗೆ ನಗು ತಡೆಯಲಾಗಲಿಲ್ಲ.

ಕವಚ ಬಿಚ್ಚಿ ತೊಳೆದು, ಬಿರುಕು ಮುಂದೆ ಓಡದಂತೆ ಅದರ ಎರಡೂ ತುದಿಗೆ ಸಣ್ಣ ತೂತು ಕೊರೆದೆ. ಬಿಳಿ ಲೋಹ ಕಾಣುವವರೆಗೆ ಉಜ್ಜಿ, ಎಣ್ಣೆಯ ಪಸೆ ತೆಗೆದು ಫಿಲ್ಲರ್ ಒತ್ತಿ ತುಂಬಿದೆ. ಅದು ನೆರಳಿನಲ್ಲಿ ಹೆಪ್ಪುಗಟ್ಟಿದ ಮೇಲೆ ಕವಚವನ್ನು ಮಾಳಿಗೆಗೆ ಏರಿಸಿ ಕಾದ ತಗಡಿನ ಮೇಲಿಟ್ಟೆವು. ಮಹಾದೇವಿ ತಲೆಯ ಮೇಲೆ ಸೆರಗು ಹೊದ್ದು ಪಕ್ಕದಲ್ಲೇ ಕುಳಿತಳು. ಇಳಿದು ಬಾ ಎಂದರೆ ಕೇಳಲಿಲ್ಲ. ನಾಲ್ಕು ತಾಸು ಕಳೆದು, ಹೊತ್ತು ಇಳಿಯುವ ಮೊದಲು ಉಗುರಿನಿಂದ ಕೆರೆದು ನೋಡಿದೆ, ಗೀಟು ಕೂಡ ಬೀಳಲಿಲ್ಲ. ಜೋಡಿಸಿ, ಆಯಿಲ್ ತುಂಬಿ ಗಾಡಿ ಕೊಟ್ಟೆ.

ಫಿಲ್ಲರ್ ಆರಿಸುವಾಗ ಎಷ್ಟು ಬೇಗ ಒಣಗುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಯಾವ ಲೋಹಕ್ಕೆ ಹಚ್ಚಬೇಕು, ಎಷ್ಟು ಬಿಸಿ ತಾಳಬೇಕು ಎಂದು ಮೊದಲು ಕೇಳಬೇಕು. ಈ ಕಸುಬು ನನಗೆ ಕಲಿಸಿದ್ದು ಇದು.

ಮರುದಿನ ಮಧ್ಯಾಹ್ನ ಮಹಾದೇವಿ ವಾಪಸ್ಸು ಬಂದಳು. ರೊಟ್ಟಿ ಸುತ್ತುವ ಬಿಳಿ ಬಟ್ಟೆಯೊಂದನ್ನು ನನ್ನ ಮುಂದೆ ಬಿಚ್ಚಿ ಹಿಡಿದಳು. ಕಲಬುರಗಿಯಲ್ಲಿ ರೊಟ್ಟಿ ಇಳಿಸುವಷ್ಟು ಹೊತ್ತೂ ಅದನ್ನು ಗೇರ್‌ಬಾಕ್ಸಿನ ಕೆಳಗೆ ಹಾಸಿದ್ದಳಂತೆ.

"ನೋಡ್ರಿ ಕಾಕಾ," ಎಂದಳು. ಬಟ್ಟೆಯ ಮೇಲೆ ಒಂದು ಹನಿಯೂ ಇರಲಿಲ್ಲ.